ಕಾಲೇಜು ವರ್ಗಾವಣೆಗೆ ಶಿಫಾರಸು ಪತ್ರ: ಯಾರನ್ನು ಕೇಳಬೇಕು?

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಪದವಿಯ ಮೊದಲ ವರ್ಷ ಮುಗಿಸಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಬಯಸುವವರು, ಪಿಯು ಉಪನ್ಯಾಸಕರಿಗಿಂತ ಈಗ ಪಾಠ ಮಾಡುತ್ತಿರುವ ಪ್ರಾಧ್ಯಾಪಕರನ್ನೇ ಮೊದಲು ಕೇಳುವುದು ಲೇಸು. ಪದವಿ ಮಟ್ಟದ ಓದನ್ನು ವಿದ್ಯಾರ್ಥಿ ಹೇಗೆ ನಿಭಾಯಿಸುತ್ತಿದ್ದಾರೆ ಎಂಬುದೇ ಅಲ್ಲಿನವರ ಮುಖ್ಯ ಪ್ರಶ್ನೆ. ಬರೀ ಹೆಚ್ಚು ಅಂಕ ಕೊಟ್ಟವರಿಗಿಂತ, ನಿಮ್ಮ ಪ್ರಯೋಗಾಲಯದ ದಾಖಲೆಯನ್ನು ತಿದ್ದಿ, ಮತ್ತೆ ಬರೆಸಿ, ಸುಧಾರಣೆಯನ್ನು ಕಂಡವರ ಪತ್ರದಲ್ಲಿ ಉದಾಹರಣೆಗಳಿರುತ್ತವೆ. ನಿಮ್ಮನ್ನು ಅರಿಯದ ಪ್ರಾಂಶುಪಾಲರಿಂದ ಸಿಗುವುದು ನಾಲ್ಕು ಸಾಲಿನ ಹೊಗಳಿಕೆಯಷ್ಟೇ. ಸೇನೆಯಿಂದ ನಿವೃತ್ತರಾದ ಹಿರಿಯರು ಕೊಡಗಿನ ಅನೇಕ ಮನೆಗಳಲ್ಲಿದ್ದಾರೆ. ಅವರ ಮೇಲೆ ಎಷ್ಟೇ ಗೌರವವಿದ್ದರೂ ಬಂಧುಗಳ ಪತ್ರ ಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂತಹ ಕೆಲವೆಡೆ ಸಾಮಾನ್ಯವಾಗಿ ಪತ್ರವನ್ನೇ ಕೇಳುವುದಿಲ್ಲವಾದ್ದರಿಂದ, ನಿಯಮಗಳನ್ನು ಮೊದಲು ಓದಿ, ಅಗತ್ಯವಿದ್ದಲ್ಲಿ ಕೊನೆಯ ದಿನಾಂಕಕ್ಕೆ 6 ವಾರ ಮುಂಚೆಯೇ ಅಂಕಪಟ್ಟಿ ಹಾಗೂ ವರ್ಗಾವಣೆಯ ಕಾರಣವನ್ನು ಬರೆದುಕೊಂಡು ಹೋಗಿ ಖುದ್ದಾಗಿ ಕೇಳಿಕೊಳ್ಳಿ.