ಮೇವಿನ ನೆಲದಲ್ಲಿ ಕಾರ್ಬನ್ ಫಾರ್ಮಿಂಗ್: ಒಪ್ಪಿಗೆ ಪಡೆಯುವುದು ಹೇಗೆ, ಫೈಲ್ ನಿಲ್ಲುವುದೆಲ್ಲಿ?

ಪಶ್ಚಿಮ ಆಸ್ಟ್ರೇಲಿಯಾದ ಮೂರನೇ ಒಂದು ಭಾಗಕ್ಕೂ ಹೆಚ್ಚು ನೆಲ ಕುರಿ, ದನ ಮೇಯಿಸಲು ಗುತ್ತಿಗೆಗೆ ಕೊಟ್ಟ ಸರ್ಕಾರಿ ಜಮೀನು. ಮೇಯಿಸುವವರು ಅದರ ಒಡೆಯರಲ್ಲ. ಕಾರ್ಬನ್ ಫಾರ್ಮಿಂಗ್‌ಗೆ, ಅಂದರೆ ಗಿಡಮರ ಬೆಳೆಸಿ ಗಾಳಿಯ ಕಾರ್ಬನ್ ಹಿಡಿದಿಡುವ ಕೆಲಸಕ್ಕೆ, ಒಪ್ಪಿಗೆ ತಡವಾಗುವುದಕ್ಕೆ ಮೂಲ ಕಾರಣ ಇದೇ.

ಕೆಲಸ ಕೇಳಲು ಸುಲಭ. ಮರ್ಚಿಸನ್ ಕಡೆಯ ಒಣ ನೆಲದಲ್ಲಿ ಮಲ್ಗಾ ಅನ್ನುವ ಜಾಲಿ ಜಾತಿಯ ಗಿಡ ತಾನಾಗಿಯೇ ಹುಟ್ಟುತ್ತದೆ. ಸ್ವಲ್ಪ ಎತ್ತರ ಬರುವಷ್ಟರಲ್ಲಿ ಕಾಡುಮೇಕೆಗಳು ಕುಡಿ ಕಚ್ಚಿಬಿಡುತ್ತವೆ. ಮೇಕೆ ಹಿಡಿದು, ಬೇಲಿ ಹಾಕಿ, ಮೇಯುವ ಜಾನುವಾರು ಕಡಿಮೆ ಮಾಡಿದರೆ ಗಿಡ ಮರವಾಗುತ್ತದೆ. ಅದು ಹೀರಿಕೊಂಡ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್. ಅದನ್ನು ಮಾರಿ ಹಣ ಮಾಡಬಹುದು.

ಮೊದಲು ಗುತ್ತಿಗೆ ಪತ್ರ ತೆಗೆದು ನೋಡಬೇಕು. ಇನ್ನೆಷ್ಟು ವರ್ಷ ಉಳಿದಿದೆ? ಬೆಳೆದ ಮರವನ್ನು 25 ಅಥವಾ 100 ವರ್ಷ ಉಳಿಸಿಕೊಳ್ಳುತ್ತೇವೆ ಎಂದು ಬರೆದುಕೊಡಬೇಕು. ಗುತ್ತಿಗೆ ಅವಧಿ ಹೆಚ್ಚೆಂದರೆ 50 ವರ್ಷ. ಹಾಗಾಗಿ 25 ವರ್ಷವೇ ಸರಿ, ಅದಕ್ಕೆ ಕ್ರೆಡಿಟ್‌ನಲ್ಲಿ ಶೇ 20ರಷ್ಟು ಕಡಿತವಾದರೂ.

ಎರಡನೆಯದು ಸಹಿಗಳು. ರಾಜ್ಯದ ಭೂ ಸಚಿವರ ಒಪ್ಪಿಗೆ ಬೇಕು. ಗುತ್ತಿಗೆ ಮೇಲೆ ಸಾಲ ಇದ್ದರೆ ಬ್ಯಾಂಕಿನದ್ದೂ ಬೇಕು. ಆ ನೆಲದ ಮೇಲೆ ಮೂಲನಿವಾಸಿಗಳ ಹಕ್ಕನ್ನು ಕೋರ್ಟ್ ಒಪ್ಪಿದ್ದರೆ ಅವರ ಸಂಸ್ಥೆಯ ಒಪ್ಪಿಗೆಯೂ ಬೇಕು. ಇವರ ಹತ್ತಿರ ಎಲ್ಲರಿಗಿಂತ ಮೊದಲು ಹೋಗಿ. ಸುಮ್ನೆ ಫಾರಂ ಕಳಿಸಿ ಸಹಿ ಕೇಳಬೇಡಿ. ಬೇಲಿ ಎಲ್ಲಿ ಬರುತ್ತದೆ, ಅವರು ಓಡಾಡುವ ದಾರಿ ತೆರೆದಿರುತ್ತದಾ, ಆದಾಯದಲ್ಲಿ ಪಾಲೆಷ್ಟು, ಎಲ್ಲವನ್ನೂ ಕೂತು ಮಾತಾಡಿ. ಸಾವಿರಾರು ವರ್ಷ ಅಲ್ಲೇ ಬದುಕಿದವರು ಅವರು. ಇಲ್ಲಿ ಹಿಡಿಯುವ ಸಮಯವನ್ನು ನಾನು ತಡ ಅನ್ನುವುದಿಲ್ಲ.

ಆಮೇಲೆ ಕ್ರೆಡಿಟ್ ಕೊಡುವ ಕೇಂದ್ರದ ಸಂಸ್ಥೆ ಕ್ಲೀನ್ ಎನರ್ಜಿ ರೆಗ್ಯುಲೇಟರ್‌ಗೆ ಅರ್ಜಿ. ತೀರ್ಮಾನ ಹೇಳಲು ಆ ಸಂಸ್ಥೆಗೆ 90 ದಿನಗಳ ಗಡುವಿದೆ. ಸಹಿಗಳು ಬಾಕಿ ಇದ್ದರೂ ಷರತ್ತಿನ ಮೇಲೆ ನೋಂದಣಿ ಸಿಗಬಹುದು. ಆದರೆ ಒಪ್ಪಿಗೆ ಪತ್ರಗಳು ಬರುವ ತನಕ ಒಂದು ಕ್ರೆಡಿಟ್ಟೂ ಕೈಗೆ ಬರುವುದಿಲ್ಲ. ಬೇಲಿಯ ಖರ್ಚು ಮಾತ್ರ ಶುರುವಾಗಿರುತ್ತದೆ.

ಹಾಗಂತ ನೋಂದಣಿಗೆ ಮೊದಲೇ ಬೇಲಿ ಹಾಕುವ ಕಂಟ್ರಾಕ್ಟರ್‌ಗೆ ಕೆಲಸ ವಹಿಸಬೇಡಿ. ಯೋಜನೆ ಹೊಸದಾಗಿರಬೇಕು ಅನ್ನುತ್ತದೆ ಕಾರ್ಬನ್ ಕ್ರೆಡಿಟ್‌ಗಳ 2011ರ ಕಾಯ್ದೆ. ಆಗಲೇ ಶುರುವಾದ ಕೆಲಸ ಎಂದು ಅರ್ಜಿ ಬಿದ್ದುಹೋಗಬಹುದು. ಅಂದರೆ ಫೈಲ್ ಮೇಜಿನ ಮೇಲಿರುವಷ್ಟು ದಿನ ಮೇಕೆಗಳು ಮೇಯುತ್ತಲೇ ಇರುತ್ತವೆ. ಇದು ನಿಜಕ್ಕೂ ಅನ್ಯಾಯ ಅಲ್ವಾ?

ಇನ್ನೊಂದು ಅಪಾಯವೂ ಇದೆ. ಗಿಡ ತಾನಾಗಿ ಚಿಗುರಲು ಬಿಡುವ ಈ ವಿಧಾನಕ್ಕೆ 2023ರ ಸೆಪ್ಟೆಂಬರ್ 30ರಂದೇ ಹೊಸ ಯೋಜನೆಗಳ ಬಾಗಿಲು ಮುಚ್ಚಿತು. ಮೊದಲೇ ನೋಂದಾಯಿಸಿದವರಿಗೆ ತೊಂದರೆ ಇಲ್ಲ. ಹೊಸಬರು ಯಾವ ವಿಧಾನ ಜಾರಿಯಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ರೆಗ್ಯುಲೇಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಸಚಿವರ ಕಚೇರಿಗೆ ಪತ್ರ ಬರೆಯುವಾಗ ಆ ಕೊನೆಯ ದಿನಾಂಕವನ್ನು ಮೊದಲ ಸಾಲಿನಲ್ಲೇ ಹಾಕಿ. ರೆಗ್ಯುಲೇಟರ್‌ಗೆ ಇರುವಂಥ 90 ದಿನಗಳ ಗಡುವು ಆ ಕಚೇರಿಗೂ ಇರಬೇಕು.