ಬಟ್ಟಲಲ್ಲಿ ನೀರಿತ್ತು, ಪಚ್ಚೆಗೆ ಬಾಯಾರಿತ್ತು: ಗೋಸುಂಬೆ ಸಾಕಿದ ನನ್ನ ಅನುಭವ

ಪಚ್ಚೆ ಮನೆಗೆ ಬಂದು ಮೂರು ವಾರ ಆಗಿತ್ತು. ಒಂದು ಬೆಳಿಗ್ಗೆ ಪಂಜರ ಒರೆಸುವಾಗ ನೋಡಿದರೆ, ಅವಳ ಹಿಕ್ಕೆಯಲ್ಲಿ ಬೆಳ್ಳಗಿರಬೇಕಾದ ಭಾಗ ಗಾಢ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಗೋಸುಂಬೆಯ ಮೂತ್ರ ನೀರಾಗಿ ಹೋಗುವುದಿಲ್ಲ. ಗಟ್ಟಿ ಮುದ್ದೆಯಾಗಿ ಹಿಕ್ಕೆಯ ಜೊತೆಗೇ ಬೀಳುತ್ತದೆ. ಅದು ಹೀಗೆ ಪೂರ್ತಿ ಕಿತ್ತಳೆಯಾದರೆ ಮೈಗೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಮಾರಿದವರು "ಬಟ್ಟಲಲ್ಲಿ ನೀರಿಡಿ, ಸಾಕು" ಅಂದಿದ್ದರು. ನಾನು ದಿನಾ ಬಟ್ಟಲು ತೊಳೆದು ತುಂಬಿಸುತ್ತಿದ್ದೆ. ಅವಳು ಅದರ ಪಕ್ಕದಲ್ಲೇ ಬಾಯಾರಿ ಕೂತಿದ್ದಳು. ಆ ಬೆಳಿಗ್ಗೆ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಗೋಸುಂಬೆ ಮರದ ಮೇಲೆ ಬದುಕುವ ಜೀವ. ಎಲೆಯ ಮೇಲಿನ ಇಬ್ಬನಿ, ಮಳೆಹನಿ, ಇವೇ ಅದಕ್ಕೆ ಕುಡಿಯುವ ನೀರು. ನಿಂತ ನೀರನ್ನು ಹೆಚ್ಚಿನವು ನೀರು ಅಂತ ಗುರುತಿಸುವುದೇ ಇಲ್ಲ. ಅವತ್ತೇ ಬಟ್ಟಲು ತೆಗೆದೆ. ಬೆಳಿಗ್ಗೆ ದೀಪ ಹಾಕುವ ಮೊದಲು ಒಂದು ಸಲ, ರಾತ್ರಿ ದೀಪ ಆರಿಸಿದ ಮೇಲೆ ಇನ್ನೊಂದು ಸಲ, ಎರಡೆರಡು ನಿಮಿಷ ಎಲೆಗಳ ಮೇಲೆ ಸಣ್ಣಗೆ ನೀರು ಸಿಂಪಡಿಸತೊಡಗಿದೆ. ಮಧ್ಯಾಹ್ನಕ್ಕೆ ತಳದಲ್ಲಿ ಸೂಜಿ ತೂತು ಮಾಡಿದ ಒಂದು ಡಬ್ಬಿಯನ್ನು ಪಂಜರದ ಮೇಲಿಟ್ಟೆ. ಹನಿ ಎಲೆಯ ಮೇಲೆ ಬಿದ್ದು, ಜಾರಿ, ತುದಿಯಲ್ಲಿ ನಿಲ್ಲುತ್ತಿತ್ತು. ಪಚ್ಚೆ ಒಂದು ಕಣ್ಣನ್ನು ನನ್ನ ಕಡೆ, ಇನ್ನೊಂದನ್ನು ಆ ಹನಿಯ ಕಡೆ ತಿರುಗಿಸಿ ಸುಮಾರು ಹೊತ್ತು ಸುಮ್ನೆ ಕೂತಳು. ಆಮೇಲೆ ಮೆಲ್ಲಗೆ ಬಾಯಿ ತೆರೆದು ಎಲೆಯ ತುದಿಯನ್ನೇ ಚೀಪಿದಳು. ಇಪ್ಪತ್ತು ನಿಮಿಷ ಬಿಡದೆ ಕುಡಿದಳು. ನಾನು ಕದಲದೆ ನಿಂತಿದ್ದೆ.

ಅವಳು ವೇಲ್ಡ್ ಕಮೀಲಿಯನ್ ಜಾತಿಯವಳು. ಈ ಜಾತಿಯ ಮೂಲ ಯೆಮೆನ್ ಮತ್ತು ಸೌದಿ ಅರೇಬಿಯಾ. ತಲೆಯ ಮೇಲೆ ಕಿರೀಟದ ಹಾಗೆ ಎತ್ತರದ ಮೂಳೆ ಇರುತ್ತದೆ. ಮರಿ ಇದ್ದಾಗಲೇ ಗಂಡೋ ಹೆಣ್ಣೋ ತಿಳಿಯಬೇಕಾದರೆ ಹಿಂಗಾಲಿನ ಹಿಮ್ಮಡಿ ನೋಡಿ. ಅಲ್ಲಿ ಸಣ್ಣ ಗುಬುಟು ಇದ್ದರೆ ಗಂಡು. ಕಾಡಿನಿಂದ ಹಿಡಿದು ತಂದದ್ದನ್ನು ದಯವಿಟ್ಟು ಕೊಳ್ಳಬೇಡಿ. ಭಯಕ್ಕೆ, ಹೊಟ್ಟೆಹುಳಕ್ಕೆ ಅವು ಬೇಗ ಸಾಯುತ್ತವೆ. ಕೆಲವು ಕಡೆ ಗೋಸುಂಬೆ ಸಾಕುವುದೇ ಅಪರಾಧ. ಕಾನೂನು ವಿಚಾರಿಸಿಕೊಳ್ಳದೆ ಮರಿಗೆ ಕೈ ಹಾಕಲೇಬೇಡಿ.

ಪಂಜರ ಅಗಲಕ್ಕಿಂತ ಎತ್ತರ ಇರಬೇಕು. ನನ್ನದು 60 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರ, ಸುತ್ತ ಜಾಲರಿ. ಮೊದಲು ಗಾಜಿನ ತೊಟ್ಟಿಯಲ್ಲಿಟ್ಟಿದ್ದೆ. ಗಾಜಿನಲ್ಲಿ ತನ್ನದೇ ನೆರಳು ಕಂಡು, ಬೇರೆ ಗೋಸುಂಬೆ ಬಂದಿದೆ ಅಂದುಕೊಂಡು ಮೈ ಕಪ್ಪಗೆ ಮಾಡಿಕೊಳ್ಳುತ್ತಿದ್ದಳು. ಇವು ಒಂಟಿ ಜೀವಿಗಳು. ಜೊತೆಗೆ ಇರಲಿ ಅಂತ ಇನ್ನೊಂದನ್ನು ತಂದು ಬಿಟ್ಟರೆ ಎರಡೂ ಕೊರಗುತ್ತವೆ. ಒಳಗೆ ಅಡ್ಡಡ್ಡ ಕೊಂಬೆ, ದಾಸವಾಳ, ಮನಿ ಪ್ಲಾಂಟ್ ಇಟ್ಟಿದ್ದೇನೆ. ಎಲೆಗಳನ್ನೂ ಕಚ್ಚಿ ತಿನ್ನುತ್ತಾಳೆ, ಹಾಗಾಗಿ ಔಷಧಿ ಹೊಡೆದ ಗಿಡ ಬೇಡ.

ಬೆಳಕಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಬಿಸಿಲು ಕಾಯಲು ಒಂದು ಬಿಸಿ ದೀಪ, ಅದರ ಪಕ್ಕ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಕೊಡುವ ಉದ್ದನೆಯ ಟ್ಯೂಬ್ ಲೈಟ್, ಎರಡೂ ಬೇಕು. ಯುವಿಬಿ ಇಲ್ಲದಿದ್ದರೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ. ಡಿ3 ಇಲ್ಲದೆ ಕ್ಯಾಲ್ಸಿಯಂ ಹಿಡಿಯುವುದಿಲ್ಲ. ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದ ಕಾಲು ಮತ್ತೆ ನೆಟ್ಟಗಾಗುವುದು ಕಷ್ಟ. ಯುವಿಬಿ ಕಣ್ಣಿಗೆ ಕಾಣದ ಬೆಳಕು, ಟ್ಯೂಬ್ ಹೊಳೆಯುತ್ತಿದ್ದರೂ ಅದು ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ನಾನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ. ರಾತ್ರಿ ಎಲ್ಲ ದೀಪ ಆರಿಸಿ ಪೂರ್ತಿ ಕತ್ತಲೆ ಮಾಡಬೇಕು.

ಊಟಕ್ಕೆ ಜೀವಂತ ಕ್ರಿಕೆಟ್ ಹುಳು, ರೇಷ್ಮೆ ಹುಳು. ಹುಳು ಅವಳ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹಾಕುವ ಮೊದಲು ಒಂದು ದಿನ ಹುಳುಗಳಿಗೇ ಸೊಪ್ಪು, ಕ್ಯಾರೆಟ್ ತಿನ್ನಿಸುತ್ತೇನೆ. ಹುಳು ತಿಂದದ್ದೇ ಅವಳಿಗೆ ಸೇರುವುದು, ಅಲ್ವಾ? ಮೇಲೆ ಒಂದಿಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೆ ಆಯಿತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಮೊಟ್ಟೆ. ಗಂಡಿನ ಮುಖವನ್ನೇ ನೋಡದಿದ್ದರೂ ಈ ಜಾತಿಯ ಹೆಣ್ಣು ಮೊಟ್ಟೆ ಇಡುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮಣ್ಣು ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣೇ ಸಾಯಬಹುದು. ಪಚ್ಚೆ ಊಟ ಬಿಟ್ಟಳು. ಮೈಮೇಲೆ ಹಳದಿ, ನೀಲಿ ಚುಕ್ಕೆ ಎದ್ದವು. ಎಂದೂ ಇಳಿಯದವಳು ಪಂಜರದ ತಳದಲ್ಲಿ ಓಡಾಡತೊಡಗಿದಳು. ಸರೀಸೃಪ ನೋಡುವ ಪಶುವೈದ್ಯರಿಗೆ ಫೋನ್ ಮಾಡಿ ಕೇಳಿ, 30 ಸೆಂಟಿಮೀಟರ್ ಆಳದ ಬಕೆಟ್‌ನಲ್ಲಿ ಒದ್ದೆ ಮರಳು ತುಂಬಿ ಇಟ್ಟೆ. ಸುರಂಗ ತೋಡಿದರೆ ಕುಸಿಯಬಾರದು, ಅಷ್ಟು ಒದ್ದೆ.

ಪಂಜರಕ್ಕೆ ಬಟ್ಟೆ ಮುಚ್ಚಿ, ಒಂದು ಸಣ್ಣ ಸಂದಿಯಿಂದ ಮಾತ್ರ ನೋಡುತ್ತಿದ್ದೆ. ಯಾರಾದರೂ ನೋಡುತ್ತಿರುವುದು ಗೊತ್ತಾದರೆ ಅಗೆಯುವುದನ್ನೇ ಬಿಟ್ಟುಬಿಡುತ್ತವೆ. ಎರಡು ದಿನ ಅಗೆದಳು. ಮುಂಗಾಲಿನಲ್ಲಿ ಮರಳು ಎಳೆದು, ಹಿಂಗಾಲಿನಲ್ಲಿ ಹೊರಗೆ ತಳ್ಳಿ, ಸುಸ್ತಾಗಿ ಸುರಂಗದ ಬಾಯಿಯಲ್ಲೇ ಗದ್ದ ಊರಿ ಮಲಗಿದಳು. ಕಣ್ಣ ರೆಪ್ಪೆಯ ಮೇಲೆಲ್ಲ ಮರಳು. ಮೂರನೇ ದಿನ ನೋಡಿದರೆ ಸುರಂಗ ಮುಚ್ಚಿತ್ತು, ನೆಲ ಸಮ ಆಗಿತ್ತು, ಅವಳು ಹೊಟ್ಟೆ ಒಳಹೋಗಿ ಕೊಂಬೆಯ ಮೇಲೆ ಕೂತಿದ್ದಳು. ಅಗೆದು ಎಣಿಸಿದರೆ 38 ಮೊಟ್ಟೆ. ಮೊದಲು ನೀರು ಕೊಟ್ಟೆ, ಆಮೇಲೆ ಹುಳು.

ಮೊಟ್ಟೆ ಜಾಸ್ತಿ ಆದಷ್ಟೂ ಹೆಣ್ಣಿನ ಆಯಸ್ಸು ಸವೆಯುತ್ತದೆ. ಬಿಸಿಯೂ ಊಟವೂ ಹೆಚ್ಚಾದರೆ ಮೊಟ್ಟೆಯೂ ಹೆಚ್ಚು. ಅಂದಿನಿಂದ ಬಿಸಿಲು ಕಾಯುವ ಕೊಂಬೆಯ ಬಿಸಿಯನ್ನು 27 ಡಿಗ್ರಿಗೆ ಇಳಿಸಿದೆ. ಊಟ ವಾರಕ್ಕೆ ಮೂರು ದಿನ ಮಾತ್ರ. ಆಮೇಲಿನ ಸಲ 14 ಮೊಟ್ಟೆ ಇಟ್ಟಳು. ಮರಳಿನ ಬಕೆಟ್ ಈಗ ಸದಾ ಒಳಗೇ ಇರುತ್ತದೆ.

ಬಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಂಪು ಬಟ್ಟೆಯ ಮೇಲಿಟ್ಟರೆ ಕೆಂಪಾಗುವುದಿಲ್ಲ. ಭಯ, ಸಿಟ್ಟು, ಚಳಿ, ಬಸಿರು, ಇವೆಲ್ಲ ಬಣ್ಣದಲ್ಲಿ ಕಾಣುತ್ತವೆ. ಪ್ಯಾಂಥರ್ ಜಾತಿಯ ಗೋಸುಂಬೆಯ ಚರ್ಮದ ಕೋಶಗಳಲ್ಲಿ ಸಣ್ಣ ಹರಳುಗಳಿದ್ದು, ಅವುಗಳ ನಡುವಿನ ಅಂತರ ಬದಲಾದಾಗ ಬಣ್ಣ ಬದಲಾಗುತ್ತದೆ ಅಂತ ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಬೆಳಿಗ್ಗೆ ಪಚ್ಚೆ ಕಡುಹಸಿರು. ಬಿಸಿ ಹೀರಲು ಅದೇ ಅನುಕೂಲ. ನಿದ್ದೆಯಲ್ಲಿ ತಿಳಿಹಸಿರು. ನಾನು ಕೈ ಚಾಚಿದರೆ ಗೆರೆಗಳು ಕಪ್ಪಾಗುತ್ತವೆ, ಅದಕ್ಕೇ ಎತ್ತಿಕೊಳ್ಳುವುದನ್ನು ಬಿಟ್ಟಿದ್ದೇನೆ. ಹಗಲಲ್ಲಿ ಕಣ್ಣು ಮುಚ್ಚಿ ಕೂತರೆ ಮಾತ್ರ ಕಾಯಬಾರದು, ಅದು ಕಾಯಿಲೆ. ಆ ದಿನವೇ ವೈದ್ಯರ ಹತ್ತಿರ ಹೋಗಬೇಕು.

ಭಾನುವಾರ ಮಾತ್ರ ಒಂದು ಕೋಲು ಮುಂದಿಡುತ್ತೇನೆ. ಅವಳೇ ಒಂದೊಂದು ಕಾಲನ್ನೂ ಯೋಚಿಸಿ ಎತ್ತಿ, ತೂಗುತ್ತಾ ಹತ್ತುತ್ತಾಳೆ. ಕೋಲಿನ ಸಮೇತ ತಕ್ಕಡಿಯ ಮೇಲಿಟ್ಟು, ಕೋಲಿನ ತೂಕ ಕಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಈ ವಾರ 104 ಗ್ರಾಂ.