ಅಂಗಾಂಶದ ಸೆಕ್ಷನ್‌ಗಳಲ್ಲಿ ಫಾಸ್ಫೋ-ಇಆರ್‌ಕೆ ಪ್ರತಿಕಾಯವನ್ನು ಬಳಸುವ ಕ್ರಮ

ಜೀವಕೋಶದ ಹೊರಪೊರೆಯಲ್ಲಿ ಹುಟ್ಟಿದ ಸಂಕೇತವನ್ನು ಕೋಶಕೇಂದ್ರದವರೆಗೆ ಸಾಗಿಸುವ ಪ್ರೋಟೀನುಗಳಲ್ಲಿ ಇಆರ್‌ಕೆ 1 ಮತ್ತು 2 ಮುಖ್ಯವಾದವು. ಇಆರ್‌ಕೆ 1ರಲ್ಲಿ 202ನೆಯ ಥ್ರಿಯೋನಿನ್ ಮತ್ತು 204ನೆಯ ಟೈರೋಸಿನ್‌ಗಳೆರಡಕ್ಕೂ ಫಾಸ್ಫೇಟ್ ಸೇರಿದಾಗ ಅದು ಪೂರ್ಣವಾಗಿ ಸಕ್ರಿಯವಾಗುತ್ತದೆ. ಫಾಸ್ಫೋ ಪ್ರತಿಕಾಯವು ಗುರುತಿಸುವುದು ಈ ಸ್ಥಿತಿಯನ್ನೇ. ಅಂಗಾಂಶದ ತೆಳು ಹೋಳಿನಲ್ಲಿ, ಅಂದರೆ ಸೆಕ್ಷನ್‌ನಲ್ಲಿ, ಆ ಪ್ರತಿಕಾಯ ಅಂಟಿದ ಕಡೆ ಕಂದು ಬಣ್ಣ ಬರಿಸಿ ನೋಡುವುದೇ ಈ ಪರೀಕ್ಷೆ.

ಅಂಗಾಂಶಕ್ಕೆ ರಕ್ತಸಂಚಾರ ನಿಂತ ಮೇಲೂ ಫಾಸ್ಫಟೇಸ್ ಕಿಣ್ವಗಳು ಕೆಲಸ ಮಾಡುತ್ತಲೇ ಇದ್ದು, ಫಾಸ್ಫೇಟನ್ನು ಕಳಚಿಹಾಕುತ್ತವೆ. ಆದ್ದರಿಂದ ಈ ಪರೀಕ್ಷೆಯ ಫಲಿತಾಂಶ ಬಹುಮಟ್ಟಿಗೆ ಪ್ರತಿಕಾಯದ ಸೀಸೆ ತೆರೆಯುವ ಮೊದಲೇ ನಿರ್ಧಾರವಾಗಿರುತ್ತದೆ ಎಂದು ನಾನು ಒತ್ತಿ ಹೇಳುತ್ತೇನೆ. ಅಂಗಾಂಶವನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ತೆಳುವಾದ ತುಂಡುಗಳಾಗಿಸಿ, ಶೇ. 10ರ ತಟಸ್ಥ ಬಫರ್ ಫಾರ್ಮಾಲಿನ್‌ನಲ್ಲಿ ಸುಮಾರು 24 ಗಂಟೆ ಇಡಬೇಕು, ಮತ್ತು ತೆಗೆದ ಹೊತ್ತನ್ನೂ ಮುಳುಗಿಸಿದ ಹೊತ್ತನ್ನೂ ಬರೆದಿಡಬೇಕು. ತುಂಡು ದಪ್ಪವಾದರೆ ಫಾರ್ಮಾಲಿನ್ ನಡುಭಾಗವನ್ನು ತಲುಪುವುದು ತಡವಾಗಿ, ಅಂಚು ಮಾತ್ರ ಗಾಢವಾಗಿ ಬಣ್ಣ ಹಿಡಿಯುತ್ತದೆ. ಇದನ್ನು ಜೈವಿಕ ವ್ಯತ್ಯಾಸವೆಂದು ತಪ್ಪಾಗಿ ಓದುವ ಅಪಾಯವಿದೆ.

ಆ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಮಾಡಿದ ಪ್ಯಾರಾಫಿನ್ ಬ್ಲಾಕಿನಿಂದ 4 ಮೈಕ್ರೊಮೀಟರ್ ದಪ್ಪದ ಸೆಕ್ಷನ್‌ಗಳನ್ನು ಕತ್ತರಿಸಿ, ತಿಂಗಳುಗಟ್ಟಲೆ ಕೂಡಿಡದೆ ಬೇಗ ಬಳಸಿರಿ. ಪ್ಯಾರಾಫಿನ್ ತೆಗೆದು ಸೆಕ್ಷನ್‌ಗೆ ನೀರಿನಂಶವನ್ನು ಮರಳಿಸಿದ ಬಳಿಕ, ಫಾರ್ಮಾಲಿನ್ ಮರೆಮಾಡಿದ ಗುರಿಯನ್ನು ಪ್ರತಿಕಾಯಕ್ಕೆ ಮತ್ತೆ ತೆರೆದಿಡಲು ಪಿಎಚ್ 6ರ ಸಿಟ್ರೇಟ್ ಅಥವಾ ಪಿಎಚ್ 9ರ ಟ್ರಿಸ್-ಇಡಿಟಿಎ ದ್ರಾವಣದಲ್ಲಿ ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಕಾಯಿಸಿ, ನಿಧಾನವಾಗಿ ತಣಿಯಲು ಬಿಡಬೇಕು. ಎರಡರಲ್ಲಿ ಯಾವುದು ಹೊಂದುತ್ತದೆ ಎಂಬುದು ಪ್ರತಿಕಾಯದ ಕ್ಲೋನ್‌ (ಅದನ್ನು ತಯಾರಿಸಿದ ಕೋಶತಳಿ) ಅನ್ನು ಅವಲಂಬಿಸಿರುವುದರಿಂದ ಒಮ್ಮೆ ಎರಡನ್ನೂ ಹೋಲಿಸಿ ನೋಡುವುದು ಒಳಿತು. ಅನಂತರ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10 ನಿಮಿಷ ಇಟ್ಟು ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಕಿಣ್ವವನ್ನು ನಿಷ್ಕ್ರಿಯಗೊಳಿಸಿರಿ. ಬ್ಲಾಕಿಂಗ್‌ಗೆ, ಅಂದರೆ ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ತಡೆಯಲು, ಹಾಲಿನ ಪುಡಿ ಬೇಡ, ಏಕೆಂದರೆ ಅದರಲ್ಲಿರುವ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು. ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಅಥವಾ ಸೀರಮ್ ಸಾಕು.

ಪ್ರತಿಕಾಯವನ್ನು 1:100, 1:200, 1:400, 1:800 ಎಂದು ದುರ್ಬಲಗೊಳಿಸಿ, ನಿಜವಾದ ಬಣ್ಣಕ್ಕೂ ಹಿನ್ನೆಲೆಗೂ ಅಂತರ ಅತಿ ಹೆಚ್ಚಿರುವ ಪ್ರಮಾಣವನ್ನು ಆರಿಸಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿರಿ. ಎಚ್‌ಆರ್‌ಪಿ (ಒಂದು ಪೆರಾಕ್ಸಿಡೇಸ್ ಕಿಣ್ವ) ಜೋಡಿಸಿದ, ಮೊದಲ ಪ್ರತಿಕಾಯಕ್ಕೆ ಅಂಟುವ ದ್ವಿತೀಯ ಪ್ರತಿಕಾಯ, ಡಿಎಬಿ (ಆ ಕಿಣ್ವದಿಂದ ಕಂದಾಗುವ ರಾಸಾಯನಿಕ), ಹೆಮಟಾಕ್ಸಿಲಿನ್ (ಕೋಶಕೇಂದ್ರಕ್ಕೆ ನೀಲಿ ಕೊಡುವ ಬಣ್ಣ) ಎಂಬ ಮುಂದಿನ ಹಂತಗಳು ಎಂದಿನಂತೆಯೇ. ಡಿಎಬಿಯ ಸಮಯ ಮಾತ್ರ ಎಲ್ಲ ಸ್ಲೈಡುಗಳಿಗೂ ಒಂದೇ ಆಗಿರಬೇಕು.

ಪ್ರಾಥಮಿಕ ಪ್ರತಿಕಾಯವನ್ನು ಬಿಟ್ಟ ಒಂದು ಸ್ಲೈಡು ಹಿನ್ನೆಲೆಯನ್ನಷ್ಟೇ ತೋರಿಸುತ್ತದೆ. ಕಂದು ಬಣ್ಣ ಫಾಸ್ಫೇಟಿನದ್ದೇ ಎಂದು ಅದು ಸಾಧಿಸಲಾರದು. ಅದಕ್ಕಾಗಿ ಅಕ್ಕಪಕ್ಕದ ಎರಡು ಸೆಕ್ಷನ್‌ಗಳನ್ನು ತೆಗೆದುಕೊಂಡು, ಕಾಯಿಸುವ ಹಂತ ಮುಗಿದ ಮೇಲೆ ಒಂದಕ್ಕೆ ಲ್ಯಾಂಬ್ಡಾ ಫಾಸ್ಫಟೇಸನ್ನೂ ಇನ್ನೊಂದಕ್ಕೆ ಕಿಣ್ವವಿಲ್ಲದ ಅದೇ ಬಫರನ್ನೂ ಹಾಕಿ, ಮಿಕ್ಕ ಕೆಲಸವನ್ನು ಒಂದೇ ರೀತಿ ಮುಗಿಸಿರಿ. ಕಿಣ್ವ ಹಾಕಿದ ಸೆಕ್ಷನ್‌ನಲ್ಲೂ ಬಣ್ಣ ಹಾಗೆಯೇ ಉಳಿದರೆ, ಮೊದಲು ಕಿಣ್ವ ಕೆಲಸ ಮಾಡಿದೆಯೇ ಎಂದು ಪರಿಶೀಲಿಸಿ. ಮಾಡಿದ್ದರೆ, ಆ ಪ್ರತಿಕಾಯದಿಂದ ಬಂದ, ಬಣ್ಣ ಹಿಡಿದ ಕೋಶಗಳ ಎಣಿಕೆಗಳನ್ನು ವರದಿಯಲ್ಲಿ ಸೇರಿಸಬೇಡಿರಿ.